ಕಫನಿ ಬಿಚ್ಚಿಟ್ಟ ಮೇಲೆ

(ಓದುಗರ ಬಳಗವೊಂದರ ಭಾನುವಾರದ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟಿರುವ ವಿಷಯ ‘ಊರು ಬಿಟ್ಟು ಬೆಟ್ಟಕ್ಕೆ ಹೋದವರು’. ನನ್ನ ವಯಸ್ಸಿನವರಿಗೆ ಇದು ಈಗ ದಿನನಿತ್ಯದ ಮಾತು. ತಿಂಗಳ ಸಂಬಳ, ಕಂತಿನ ಮನೆ, ದಿನಕ್ಕೆ ಮೂರು ತಾಸಿನ ಬಸ್ ಪ್ರಯಾಣ ಇವೆಲ್ಲ ಸಾಕಾದವರು ‘ಎಲ್ಲ ಬಿಟ್ಟು ಬೆಟ್ಟದ ಕಡೆ ಹೋಗಿಬಿಡೋಣ ಮಾರಾಯಾ’ ಅನ್ನುತ್ತಾರೆ. ಕೆಲವರು ಹೋಗಿಯೂ ಇದ್ದಾರೆ. ಅಂಥವರ ಬಗ್ಗೆ ಬರುವ ಲೇಖನಗಳನ್ನು ನೀವೂ ಓದಿರುತ್ತೀರಿ. ರಾಜೀನಾಮೆ ಕೊಟ್ಟ ದಿನ, ಸಾಮಾನು ಕಟ್ಟಿದ ರಾತ್ರಿ, ಬೆಟ್ಟದ ಮೊದಲ ಬೆಳಗು ಇವುಗಳ ವರ್ಣನೆ ಅವುಗಳಲ್ಲಿ ಧಾರಾಳವಾಗಿರುತ್ತದೆ. ಹತ್ತು ವರ್ಷ ಕಳೆದ ಮೇಲೆ ಅಲ್ಲಿ ಏನಾಯಿತು ಎಂಬುದು ಮಾತ್ರ ಇರುವುದಿಲ್ಲ. ಹೀಗಾಗಿ ನಾನು ಇವತ್ತು ನಾಲ್ಕು ದಶಕಗಳ ಲೆಕ್ಕ ಸಿಗುವ ಒಬ್ಬರ ಕಥೆಯನ್ನು ಆರಿಸಿಕೊಂಡಿದ್ದೇನೆ.

ಅವರ ಹೆಸರು ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್. ಹೆಸರು ಕೇಳಿರದವರೂ ಅವರ ಕೈಗುಣವನ್ನು ತಿಂದಿರುತ್ತೀರಿ. ನಮ್ಮ ಹಣ್ಣಿನಂಗಡಿಗಳಲ್ಲಿ ‘ಶಿಮ್ಲಾ ಆಪಲ್’ ಎಂದು ಕರೆಯುವ ಕೆಂಪು ಸೇಬು ಆ ಬೆಟ್ಟಗಳಿಗೆ ಬಂದದ್ದು ಇವರಿಂದ. ಆದರೆ ಸೇಬಿನ ಕಥೆ ನಡುವೆ ಬರಬೇಕಾದದ್ದು. ಅದಕ್ಕೆ ಮೊದಲು ಹೇಳಬೇಕಾದ್ದು ಬಹಳ ಇದೆ.

ಸ್ಟೋಕ್ಸ್ ಹುಟ್ಟಿದ್ದು 1882ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದ ಸಿರಿವಂತ ಮನೆಯಲ್ಲಿ. ತಂದೆಯ ಕಂಪನಿ ಕಟ್ಟಡಗಳಿಗೆ ಲಿಫ್ಟು ತಯಾರಿಸುತ್ತಿತ್ತು. ಮನೆಯವರು ಕ್ವೇಕರ್ ಪಂಥದವರು. ಆಡಂಬರ ಬೇಡ, ಯುದ್ಧ ಬೇಡ, ದೇವರಿಗೂ ಭಕ್ತನಿಗೂ ನಡುವೆ ಪಾದ್ರಿಯೂ ಬೇಡ ಎನ್ನುವ ಕ್ರೈಸ್ತ ಪಂಥ ಅದು. ಮಗ ತಂದೆಯ ವ್ಯವಹಾರಕ್ಕೆ ಕೈಹಾಕಲಿಲ್ಲ. ಹಿಮಾಲಯದ ತಪ್ಪಲಿನ ಸಬಾಥುವಿನಲ್ಲಿ ಕುಷ್ಠರೋಗಿಗಳ ಆಶ್ರಮ ನಡೆಸುತ್ತಿದ್ದ ಡಾಕ್ಟರ್ ಕಾರ್ಲ್ಟನ್ ದಂಪತಿಗಳ ಜೊತೆ ಹಡಗು ಹತ್ತಿ 1904ರ ಫೆಬ್ರವರಿಯಲ್ಲಿ ಬೊಂಬಾಯಿಗೆ ಬಂದಿಳಿದರು. ಆಗ ವಯಸ್ಸು 21.

ಮರುವರ್ಷ, 1905ರ ಏಪ್ರಿಲ್ 4ರಂದು, ಕಾಂಗಡಾ ಕಣಿವೆಯಲ್ಲಿ ಭಾರೀ ಭೂಕಂಪವಾಯಿತು. ಸುಮಾರು 20 ಸಾವಿರ ಜನ ಸತ್ತರು. ಸ್ಟೋಕ್ಸ್ ಪರಿಹಾರ ಕೆಲಸಕ್ಕೆ ಅಲ್ಲಿಗೆ ಹೋದರು. ಅದೇ ಹೊತ್ತಿನಲ್ಲಿ ಶಿಮ್ಲಾದ ಆಚೆಗಿರುವ ಕೋಟ್‌ಗಢದ ಪರಿಚಯವೂ ಆಯಿತು. ಶಿಮ್ಲಾದಿಂದ ನಾರ್ಕಂಡಾ ದಾಟಿ ಸುಮಾರು 80 ಕಿಲೋಮೀಟರು. ಕೆಳಗೆ ಸಟ್ಲೆಜ್ ನದಿ, ಮೇಲೆ ದೇವದಾರು ಕಾಡು, ನಡುವೆ ಮೆಟ್ಟಿಲು ಮೆಟ್ಟಿಲಾದ ಹೊಲಗಳು. ಹಿಂದೂಸ್ಥಾನ–ಟಿಬೆಟ್ ರಸ್ತೆ ಹೋಗುತ್ತಿದ್ದುದು ಆ ಸೀಮೆಯ ಮೇಲೆಯೇ. ಅಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಕ್ರೈಸ್ತ ಮಿಷನ್ನಿನ ಒಂದು ಠಾಣ್ಯವಿತ್ತು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿದ್ದರೆ ಅವರಿಗೆ ಕೋಟ್‌ಗಢ ಎಂದ ಕೂಡಲೇ ಕಿಪ್ಲಿಂಗನ ‘ಲಿಸ್‌ಪೆತ್’ ಕಥೆ ನೆನಪಾಗಬೇಕು. ಆ ಮಿಷನ್ನಿನಲ್ಲಿ ಬೆಳೆದ ಬೆಟ್ಟದ ಹುಡುಗಿಯೊಬ್ಬಳು ಗಾಯಗೊಂಡು ಬಿದ್ದಿದ್ದ ಇಂಗ್ಲಿಷನನ್ನು ಹೊತ್ತು ತಂದು ಬದುಕಿಸುತ್ತಾಳೆ, ಅವನನ್ನೇ ಮದುವೆಯಾಗುತ್ತೇನೆ ಎನ್ನುತ್ತಾಳೆ. ಅವನು ಮತ್ತೆ ಬರುತ್ತೇನೆಂದು ಹೇಳಿ ಹೋದವನು ಬರುವುದೇ ಇಲ್ಲ. ಪಾದ್ರಿಯ ಹೆಂಡತಿಗೆ ಅದು ಮೊದಲೇ ಗೊತ್ತಿರುತ್ತದೆ. ಕಥೆ ಪುಸ್ತಕವಾಗಿ ಬಂದದ್ದು 1888ರಲ್ಲಿ. ಬಿಳಿಯರಿಗೂ ಬೆಟ್ಟಕ್ಕೂ ಇದ್ದ ಸಂಬಂಧ ಎಂಥದೆಂದು ಆ ಒಂದು ಕಥೆ ಹೇಳಿಬಿಡುತ್ತದೆ: ಬೇಸಿಗೆಗೆ ಬರುವುದು, ಉಪಚಾರ ಮಾಡಿಸಿಕೊಳ್ಳುವುದು, ಹೊರಟುಹೋಗುವುದು. ಸ್ಟೋಕ್ಸ್ ಕೋಟ್‌ಗಢಕ್ಕೆ ಬಂದಾಗ ಈ ಕಥೆಗೆ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ.

ಸ್ಟೋಕ್ಸ್ ಮೊದಲು ಮಾಡಿದ್ದು ನಮ್ಮ ನಾಡಿನವರು ಸಲೀಸಾಗಿ ಗುರುತಿಸಬಹುದಾದ ಕೆಲಸ. ಬೈರಾಗಿಯಾದರು. ಇದ್ದ ವಸ್ತುಗಳನ್ನೆಲ್ಲ ಕೊಟ್ಟು ಕಫನಿ ತೊಟ್ಟರು, ನೆಲದ ಮೇಲೆ ಮಲಗಿದರು, ಕಾಲ್ನಡಿಗೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ರೋಗಿಗಳ ಸೇವೆ ಮಾಡಿದರು. ಮಾದರಿ ಇಟಲಿಯ ಸಂತ ಫ್ರಾನ್ಸಿಸ್. 1910ರಲ್ಲಿ ಇದಕ್ಕೊಂದು ಸಂಘಟನೆಯ ರೂಪವೂ ಬಂತು, ಯೇಸುವಿನ ಅನುಕರಣೆಯ ಸಹೋದರ ಸಂಘ ಎಂಬ ಹೆಸರಿನಲ್ಲಿ. ಮುಂದೆ ದೀನಬಂಧು ಎಂದು ಹೆಸರಾದ ಸಿ.ಎಫ್. ಆಂಡ್ರ್ಯೂಸ್ ಅವರೂ ಅದರ ಜೊತೆಗಿದ್ದರು. ಲಾಹೋರಿನ ಬಿಷಪ್ಪರ ಆಶೀರ್ವಾದ ಇತ್ತು. ದೂರದ ಇಂಗ್ಲೆಂಡಿನಲ್ಲೂ ಈ ಅಮೆರಿಕನ್ ಬೈರಾಗಿಯ ಸುದ್ದಿ ಹರಡಿತು.

ಕಥೆ ಇಲ್ಲಿಗೇ ನಿಂತಿದ್ದರೆ ನಮಗೆಲ್ಲ ಬಹಳ ಹಿಡಿಸುತ್ತಿತ್ತು. ಸಿರಿವಂತರ ಮಗ, ಎಲ್ಲ ಬಿಟ್ಟ, ಹಿಮಾಲಯಕ್ಕೆ ಹೋದ, ಸಂತನಾದ. ಒಂದು ಪುಟದ ಲೇಖನಕ್ಕೆ ಹೇಳಿ ಮಾಡಿಸಿದ ವಸ್ತು. ಆದರೆ ಮರುವರ್ಷವೇ ಸ್ಟೋಕ್ಸ್ ಸಂಘ ಬಿಟ್ಟರು. 1912ರಲ್ಲಿ ಮದುವೆಯಾದರು. ಕೋಟ್‌ಗಢದ ಸೀಮೆಯ ರಜಪೂತ ಕ್ರೈಸ್ತ ಕುಟುಂಬದ ಆಗ್ನೆಸ್ ಎಂಬ ಹುಡುಗಿಯನ್ನು.

ನನ್ನ ಇಡೀ ಮಾತು ನಿಂತಿರುವುದು ಈ ಎರಡನೆಯ ಬಿಡುವಿಕೆಯ ಮೇಲೆ. ಫಿಲಡೆಲ್ಫಿಯಾ ಬಿಟ್ಟದ್ದಕ್ಕಿಂತ ಬೈರಾಗಿಯ ವೇಷ ಬಿಟ್ಟದ್ದು ಕಷ್ಟದ ಕೆಲಸ ಎಂದು ನಾನು ತಿಳಿದಿದ್ದೇನೆ. ಮೊದಲನೆಯದಕ್ಕೆ ಮೆಚ್ಚುವವರಿದ್ದರು. ಬಿಳಿಯ ದೊರೆ ಬರಿಗಾಲಿನಲ್ಲಿ ಬಂದರೆ ಹಳ್ಳಿಯ ಜನ ಕೈಮುಗಿಯುತ್ತಿದ್ದರು, ಸಾಗರದಾಚೆಯ ಪತ್ರಿಕೆಗಳು ಬರೆಯುತ್ತಿದ್ದವು. ಎರಡನೆಯದಕ್ಕೆ ಸಿಕ್ಕಿದ್ದು ಮುಜುಗರ ಮತ್ತು ನಿಂದೆ. ಸಂತ ಸಂಸಾರಿಯಾದನಂತೆ, ಅದೂ ‘ನೇಟಿವ್’ ಹೆಣ್ಣಿನೊಡನೆ! ಆ ಕಾಲದ ಶಿಮ್ಲಾದ ಬಿಳಿಯರ ಕ್ಲಬ್ಬುಗಳಲ್ಲಿ ಇದಕ್ಕಿಂತ ಕೀಳಾದ ಸುದ್ದಿ ಇನ್ನೊಂದು ಇರಲಾರದು.

ಅವರ ತರ್ಕ ಸರಳವಾಗಿತ್ತು. ಬೈರಾಗಿ ಊರಿನವನಲ್ಲ. ಅವನನ್ನು ಪೂಜಿಸಬಹುದು, ಅವನೊಡನೆ ಬಾಳಲು ಆಗುವುದಿಲ್ಲ. ಅವನಿಗೆ ಕಂದಾಯವಿಲ್ಲ, ಬೆಳೆ ಹೋಯಿತೆಂಬ ಚಿಂತೆಯಿಲ್ಲ, ಮಕ್ಕಳ ಮದುವೆಯ ಹೊರೆಯಿಲ್ಲ. ಬೆಟ್ಟದ ಜನರ ಒಬ್ಬನಾಗಬೇಕಾದರೆ ಅವರ ಹಾಗೆ ಮನೆ, ಹೊಲ, ಹೆಂಡತಿ, ಮಕ್ಕಳು ಇರಬೇಕು, ತನ್ನ ಮಕ್ಕಳು ಭಾರತೀಯರಾಗಿಯೇ ಬೆಳೆಯಬೇಕು ಎಂದು ಅವರು ನಿಶ್ಚಯಿಸಿದರು. ನಮ್ಮಲ್ಲಿ ಸಂಸಾರ ಬಿಟ್ಟು ಹೋದವರ ಕಥೆಗಳಿಗೆ ಬರವಿಲ್ಲ. ಸಂನ್ಯಾಸ ಬಿಟ್ಟು ಸಂಸಾರಕ್ಕೆ ಬಂದವನನ್ನು ಹೊಗಳುವುದು ಮಾತ್ರ ನಮಗೆ ಅಷ್ಟು ಸುಲಭವಲ್ಲ, ‘ಜಾರಿದ’ ಎಂಬ ಒಂದೇ ಶಬ್ದದಲ್ಲಿ ಮುಗಿಸಿಬಿಡುತ್ತೇವೆ.

ಥಾನೇದಾರ್ ಎಂಬಲ್ಲಿ ಬಾರೋಬಾಗ್ ಹೆಸರಿನ ಹಳೆಯ ಚಹಾ ತೋಟವೊಂದನ್ನು ಸ್ಟೋಕ್ಸ್ ಕೊಂಡರು. ಸುಮಾರು 200 ಎಕರೆ. ಹಣ ಬಂದದ್ದು ಅಮೆರಿಕದ ಮನೆಯಿಂದ. ಇದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ‘ಎಲ್ಲ ಬಿಟ್ಟು ಹೋದವರ’ ಕಥೆಗಳಲ್ಲಿ ಹಿಂದೆ ಬಿಟ್ಟದ್ದು ಎಷ್ಟೋ ಸಲ ಪೂರ್ತಿ ಬಿಟ್ಟದ್ದಲ್ಲ. ಊರಿನಲ್ಲಿ ಆಸ್ತಿಯಿರುವವನು ಬೆಟ್ಟದಲ್ಲಿ ಬಡವನಾಗಿ ಬದುಕಲು ಹೋಗುವುದಕ್ಕೂ, ಕೈಯಲ್ಲಿ ಏನೂ ಇಲ್ಲದವನು ಹೋಗುವುದಕ್ಕೂ ಅಂತರವಿದೆ. ಬಿತ್ತನೆ ಕೆಟ್ಟರೆ ಸ್ಟೋಕ್ಸರ ಮನೆಯಲ್ಲಿ ಒಲೆ ಆರುತ್ತಿರಲಿಲ್ಲ, ಪಕ್ಕದ ಮನೆಯಲ್ಲಿ ಆರುತ್ತಿತ್ತು. ಅವರ ಹಿರಿಮೆ ಇರುವುದು ಆ ಹಣವನ್ನು ಯಾವುದಕ್ಕೆ ತೊಡಗಿಸಿದರು ಎಂಬುದರಲ್ಲಿ.

ಇನ್ನು ಸೇಬು. ಆ ಬೆಟ್ಟಗಳಿಗೆ ಸೇಬು ಹೊಸದೇನೂ ಆಗಿರಲಿಲ್ಲ. ಕುಲ್ಲೂ ಕಣಿವೆಯಲ್ಲಿ ಇಂಗ್ಲಿಷ್ ಅಧಿಕಾರಿಗಳು 1870ರ ಸುಮಾರಿಗೇ ತೋಟ ಹಾಕಿದ್ದರು. ಆದರೆ ಅವು ಇಂಗ್ಲೆಂಡಿನ ಹುಳಿ ತಳಿಗಳು, ಸಾಹೇಬರ ನಾಲಗೆಗೆ ತಕ್ಕವು. ನಮ್ಮ ಜನಕ್ಕೆ ಹಣ್ಣೆಂದರೆ ಸಿಹಿ. ಸ್ಟೋಕ್ಸ್ ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1916ರ ಸುಮಾರಿಗೆ, ಅಮೆರಿಕದ ಮಿಸೌರಿಯ ಸ್ಟಾರ್ಕ್ ಸಹೋದರರ ನರ್ಸರಿಯಿಂದ ರೆಡ್ ಡಿಲಿಶಿಯಸ್ ಗಿಡಗಳನ್ನು ತರಿಸಿದರು. ಆ ತಳಿಯದೇ ಒಂದು ಕಥೆ. ಅಯೋವಾ ರಾಜ್ಯದ ರೈತನೊಬ್ಬ ತನ್ನ ತೋಟದ ಸಾಲು ತಪ್ಪಿ ಎದ್ದ ಸಸಿಯೊಂದನ್ನು ಕಡಿದು ಹಾಕಿದನಂತೆ. ಅದು ಮತ್ತೆ ಚಿಗುರಿತು, ಮತ್ತೆ ಕಡಿದ, ಮತ್ತೆ ಚಿಗುರಿತು. ‘ಹಾಗಾದರೆ ಬದುಕು’ ಎಂದು ಬಿಟ್ಟ. ಅದರ ಹಣ್ಣು ತಿಂದ ಸ್ಟಾರ್ಕ್ ಕಂಪನಿಯವರು ಹಕ್ಕು ಕೊಂಡುಕೊಂಡರು. ಆ ಒಂದು ಗಿಡದ ವಂಶವೇ ಕಸಿಯ ಮೂಲಕ ಕೋಟ್‌ಗಢದವರೆಗೆ ಬಂತು. 1921ರಲ್ಲಿ ಸ್ಟೋಕ್ಸರ ತಾಯಿ ಕ್ರಿಸ್‌ಮಸ್ ಉಡುಗೊರೆಯಾಗಿ ಗೋಲ್ಡನ್ ಡಿಲಿಶಿಯಸ್ ಗಿಡಗಳನ್ನೂ ಕಳಿಸಿದರು. ದೂರ ಹೋದ ಮಗನ ಮೇಲಿನ ಸಿಟ್ಟು ಇಳಿದದ್ದಕ್ಕೆ ಅದು ಗುರುತೋ ಏನೋ, ನನಗಂತೂ ಹಾಗೆ ಅನಿಸುತ್ತದೆ.

ಸೇಬು ನೆಟ್ಟವನು ಕಾಯಬೇಕು. ಫಸಲು ಕೈಗೆ ಬರಲು ಆರು, ಎಂಟು ವರ್ಷ. ಅಷ್ಟು ವರ್ಷ ಗೋಧಿ, ಆಲೂಗಡ್ಡೆ ಬಿಟ್ಟು ಕೂರುವುದು ಸಣ್ಣ ಹಿಡುವಳಿಯವರಿಗೆ ಆಗದ ಮಾತು. ಆ ಕಾಯುವ ನಷ್ಟವನ್ನು ಮೊದಲು ಹೊತ್ತದ್ದು ಸ್ಟೋಕ್ಸರ ತೋಟ. 1920ರ ದಶಕದ ನಡುವಿಗೆ ಅವರ ಹಣ್ಣು ಶಿಮ್ಲಾ ಮಾರುಕಟ್ಟೆಗೆ ಹೋಗಿ ಒಳ್ಳೆಯ ಬೆಲೆ ತಂದಿತು. ಆಮೇಲೆ ನೆರೆಯವರಿಗೆ ಗಿಡ ಕೊಟ್ಟರು, ಕಸಿ ಕಟ್ಟುವುದನ್ನು, ಕೊಂಬೆ ಸವರುವುದನ್ನು ಕಲಿಸಿದರು. ಅಂದರೆ ಅಮೆರಿಕದ ಹಣ ಇಲ್ಲಿ ದಾನವಾಗಿ ಹಂಚಿಹೋಗಲಿಲ್ಲ, ಎಂಟು ವರ್ಷದ ಧೈರ್ಯವಾಗಿ ಬಳಕೆಯಾಯಿತು.

ಸೇಬಿನ ಗದ್ದಲದಲ್ಲಿ ಇನ್ನೊಂದು ಕೆಲಸ ಮರೆಯಾಗಿಬಿಡುತ್ತದೆ. ನನ್ನ ಮಟ್ಟಿಗೆ ಅದು ಹೆಚ್ಚಿನದು. ಟಿಬೆಟ್ ರಸ್ತೆಯ ಮೇಲೆ ಅಧಿಕಾರಿಗಳು, ಬೇಟೆಗೆ ಹೊರಟ ಸಾಹೇಬರು, ಅವರ ಡೇರೆ, ಪೆಟ್ಟಿಗೆ, ಬಾಟಲಿ ಎಲ್ಲ ಸಾಗಬೇಕಿತ್ತು. ಹೊರುವವರು ಯಾರು? ರಸ್ತೆಯಂಚಿನ ಹಳ್ಳಿಯವರು. ಜಮೀನುಳ್ಳ ಮನೆ ಕರೆ ಬಂದಾಗ ಆಳು ಕೊಡಲೇಬೇಕು. ಬಿತ್ತನೆಯಾದರೇನು, ಕೊಯ್ಲಾದರೇನು, ಮನೆಯಲ್ಲಿ ಹೆಣ ಬಿದ್ದಿದ್ದರೇನು. ಕೂಲಿ ಇಲ್ಲ, ಇದ್ದರೂ ಹೆಸರಿಗೆ. ಅಲ್ಲಿನವರು ಇದನ್ನು ‘ಬೇಗಾರ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಬಿಟ್ಟಿ. ಇವತ್ತು ನಾವು ‘ಬಿಟ್ಟಿ ಊಟ’, ‘ಬಿಟ್ಟಿ ಪ್ರಯಾಣ’ ಎಂದು ಹಗುರವಾಗಿ ಆಡುತ್ತೇವಲ್ಲ, ಆ ಶಬ್ದದ ಮೂಲ ಸಂಸ್ಕೃತದ ವಿಷ್ಟಿ. ಅರಸನಿಗೆ, ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಾದ ಚಾಕರಿ. ನಮ್ಮ ಶಾಸನಗಳಲ್ಲೂ ಅದು ಬರುತ್ತದೆ. ಪಡೆಯುವವನ ಬಾಯಲ್ಲಿ ಅದು ‘ಪುಕ್ಕಟೆ’ ಎಂಬ ಅರ್ಥಕ್ಕೆ ತಿರುಗಿತು. ಮಾಡುವವನನ್ನು ಯಾರೂ ಕೇಳಲಿಲ್ಲ.

ಬೈರಾಗಿಯಾಗಿದ್ದಾಗ ಸ್ಟೋಕ್ಸರಿಗೆ ಬಿಟ್ಟಿ ಕಣ್ಣಿಗೆ ಬಿದ್ದಿರಲೇಬೇಕು. ಅದರ ವಿರುದ್ಧ ಎದ್ದು ನಿಂತದ್ದು ಮಾತ್ರ ಜಮೀನುಳ್ಳ ಗೃಹಸ್ಥರಾದ ಮೇಲೆ. ಸರಕಾರಕ್ಕೆ ಪತ್ರ ಬರೆದರು, ಪತ್ರಿಕೆಗಳಲ್ಲಿ ಬರೆದರು, ಹಳ್ಳಿಯವರನ್ನು ಒಗ್ಗೂಡಿಸಿದರು. ಯಾರೊಬ್ಬರೂ ಹೊರೆ ಎತ್ತಬಾರದು ಎಂಬ ಕಟ್ಟುಪಾಡು ಏರ್ಪಟ್ಟಿತು. ಗಾಂಧೀಜಿ ಈ ಹೋರಾಟವನ್ನು ಬೆಂಬಲಿಸಿ ತಮ್ಮ ಪತ್ರಿಕೆಯಲ್ಲಿ ಬರೆದರು. 1921ರ ಜನವರಿಯಲ್ಲಿ ಅತ್ತ ಕುಮಾವೂಂ ಬೆಟ್ಟಗಳ ಬಾಗೇಶ್ವರದಲ್ಲಿ ಬದ್ರಿದತ್ತ ಪಾಂಡೆ ಮೊದಲಾದವರ ನೇತೃತ್ವದಲ್ಲಿ ಜನ ಬಿಟ್ಟಿಯ ದಾಖಲೆ ಪುಸ್ತಕಗಳನ್ನೇ ಸರಯೂ ನದಿಗೆ ಎಸೆದಿದ್ದರು. ಅದೇ ವರ್ಷ ಕೋಟ್‌ಗಢದ ಕಡೆಯೂ ಸರಕಾರ ಬಗ್ಗಿತು.

ಅಲ್ಲಿಂದ ಮುಂದೆ ಸ್ಟೋಕ್ಸ್ ರಾಜಕಾರಣದ ಸುಳಿಗೇ ಬಿದ್ದರು. ಇಲ್ಲೊಂದು ತಮಾಷೆಯಿದೆ. ಯುದ್ಧ ಬೇಡವೆನ್ನುವ ಕ್ವೇಕರ್ ಮನೆಯ ಈ ಮನುಷ್ಯ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಕ್ಯಾಪ್ಟನ್ ಪದವಿಯಲ್ಲಿ ಸೈನಿಕರ ಭರ್ತಿಯ ಕೆಲಸ ಮಾಡಿದ್ದರು. ಕೆಲವೇ ವರ್ಷದಲ್ಲಿ ಅದೇ ಸರಕಾರದ ವಿರೋಧಿಯಾದರು. ಖಾದಿ ತೊಟ್ಟರು, 1920ರ ನಾಗಪುರ ಕಾಂಗ್ರೆಸ್ ಅಧಿವೇಶನಕ್ಕೆ ಹೋದರು. 1921ರಲ್ಲಿ ಸರಕಾರಿ ನೌಕರಿ ಮತ್ತು ಸೈನ್ಯ ಬಿಡಿ ಎಂದು ಭಾರತೀಯರಿಗೆ ಕರೆ ಕೊಟ್ಟ ಹೇಳಿಕೆಗೆ ಗಾಂಧೀಜಿ ಮೊದಲಾದವರ ಜೊತೆ ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಭಾರತೀಯರಲ್ಲದವರು ಅವರೊಬ್ಬರೇ. ಆ ವರ್ಷದ ಡಿಸೆಂಬರಿನಲ್ಲಿ ವಾಘಾದಲ್ಲಿ ಬಂಧನವಾಯಿತು. ಜಾಮೀನು ಬೇಡವೆಂದರು. ಆರು ತಿಂಗಳ ಶಿಕ್ಷೆ. ಗಾಂಧೀಜಿಯವರೊಡನೆ ಅವರಿಗೆ ಭಿನ್ನಾಭಿಪ್ರಾಯಗಳೂ ಇದ್ದವು. ಶಾಸನಸಭೆಗಳ ಬಹಿಷ್ಕಾರ ಅವರಿಗೆ ಒಪ್ಪಿಗೆಯಾಗಿರಲಿಲ್ಲ, ಅದನ್ನು ಬಚ್ಚಿಡಲೂ ಇಲ್ಲ.

ಏಳು ಮಕ್ಕಳಾದವು. ತಾರಾ ಎಂಬ ಮಗ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಅವನ ಹೆಸರಿನಲ್ಲಿ 1920ರ ದಶಕದಲ್ಲಿ ಸ್ಟೋಕ್ಸ್ ಊರಿನ ಮಕ್ಕಳಿಗಾಗಿ ಶಾಲೆ ತೆರೆದರು. ಶಿಮ್ಲಾದ ಹತ್ತಿರದ ದೊಡ್ಡ ಇಂಗ್ಲಿಷ್ ಶಾಲೆಗಳು ಅವರ ಮಕ್ಕಳಿಗೆ ತೆರೆದೇ ಇದ್ದಿರಬಹುದಾದ ಕಾಲದಲ್ಲಿ ತಮ್ಮ ಮಕ್ಕಳನ್ನೂ ನೆರೆಯವರ ಮಕ್ಕಳನ್ನೂ ಒಂದೇ ಚಾವಣಿಯ ಕೆಳಗೆ ಕೂರಿಸಿದ್ದು ಸಣ್ಣ ಮಾತಲ್ಲ.

1932ರಲ್ಲಿ ಸ್ಟೋಕ್ಸ್ ಕುಟುಂಬಸಮೇತ ಹಿಂದೂ ಧರ್ಮಕ್ಕೆ ಸೇರಿದರು. ಅವರ ಹೆಸರು ಸತ್ಯಾನಂದ ಎಂದಾಯಿತು, ಆಗ್ನೆಸ್ ಅವರದು ಪ್ರಿಯಾದೇವಿ. ಇದರ ಬಗ್ಗೆ ಮಾತನಾಡುವಾಗ ಎರಡು ಕಡೆಯ ಉತ್ಸಾಹಿಗಳೂ ಎಚ್ಚರ ತಪ್ಪುತ್ತಾರೆ. ಒಬ್ಬರಿಗೆ ಅದು ವಿಜಯ, ಇನ್ನೊಬ್ಬರಿಗೆ ದ್ರೋಹ. ಅವರ ಬದುಕಿನ ಒಳಗಿನಿಂದ ನೋಡಿದರೆ ಅಲ್ಲಿ ಎರಡು ಸಂಗತಿಗಳು ಕಾಣುತ್ತವೆ. ವರ್ಷಗಟ್ಟಲೆ ಗೀತೆ, ಉಪನಿಷತ್ತುಗಳನ್ನು ಓದಿ ಅವರ ವಿಚಾರ ತಿರುಗಿತ್ತು, ‘ಸತ್ಯಕಾಮ’ ಎಂಬ ತಾತ್ತ್ವಿಕ ಪುಸ್ತಕವನ್ನೇ ಬರೆದಿದ್ದರು. ಇನ್ನೊಂದು, ಮಕ್ಕಳು ದೊಡ್ಡವರಾಗುತ್ತಿದ್ದರು. ಕೋಟ್‌ಗಢದ ಕ್ರೈಸ್ತರು ಬೆರಳೆಣಿಕೆಯ ಮನೆಗಳವರು. ಸುತ್ತಲಿನ ಸಮಾಜದಲ್ಲಿ ಸಂಬಂಧ ಬೆಳೆಯದಿದ್ದರೆ ಆ ಮಕ್ಕಳು ಅತ್ತ ಬಿಳಿಯರೂ ಆಗದೆ ಇತ್ತ ಬೆಟ್ಟದವರೂ ಆಗದೆ ಉಳಿಯುತ್ತಿದ್ದರು. 1937ರಲ್ಲಿ ಅವರು ಥಾನೇದಾರಿನಲ್ಲಿ ಪರಮಜ್ಯೋತಿ ಮಂದಿರ ಕಟ್ಟಿಸಿದರು. ಅದರ ಮರದ ಹಲಗೆಗಳ ಮೇಲೆ ಗೀತೆ, ಉಪನಿಷತ್ತುಗಳ ಸಾಲುಗಳನ್ನು ಕೆತ್ತಿಸಿದ್ದಾರೆ.

ಈ ಕಥೆಯಲ್ಲಿ ನನ್ನನ್ನು ಕಾಡುವವರು ಆಗ್ನೆಸ್. ಸ್ಟೋಕ್ಸ್ ತಾವಾಗಿ ಆರಿಸಿಕೊಂಡ ಬದುಕು ಅದು. ಪಂಥ ಬದಲಿಸಿದರು, ವೇಷ ಬದಲಿಸಿದರು, ಜೈಲಿಗೆ ಹೋದರು, ಮತ ಬದಲಿಸಿದರು. ಆಗ್ನೆಸ್ ಹುಟ್ಟಿದ್ದೇ ಬೆಟ್ಟದಲ್ಲಿ, ಅವರು ಎಲ್ಲಿಗೂ ಹೊರಟವರಲ್ಲ. ಗಂಡ ಜೈಲಿನಲ್ಲಿದ್ದಾಗ ಮಕ್ಕಳು, ಮನೆ, ತೋಟ ಎಲ್ಲ ಅವರ ತಲೆಯ ಮೇಲೆ. ಹುಟ್ಟಿನ ಹೆಸರೂ ನಡುವಯಸ್ಸಿನಲ್ಲಿ ಬದಲಾಯಿತು. ಮೊಮ್ಮಗಳು ಆಶಾ ಶರ್ಮಾ 1999ರಲ್ಲಿ ಇಂಗ್ಲಿಷಿನಲ್ಲಿ ಅಜ್ಜನ ವಿಸ್ತಾರವಾದ ಜೀವನಚರಿತ್ರೆ ಪ್ರಕಟಿಸಿದರು. ಅಜ್ಜಿಯದೇ ಒಂದು ಪುಸ್ತಕ ಬಂದರೆ ಮೊದಲು ಕೊಳ್ಳುವವರಲ್ಲಿ ನಾನೊಬ್ಬ. ಒಬ್ಬರು ಹೊಸ ಬದುಕು ಕಟ್ಟುತ್ತೇನೆ ಎಂದಾಗ ಜೊತೆಯವರ ಹಳೆಯ ಬದುಕೂ ಅದರಲ್ಲಿ ಖರ್ಚಾಗುತ್ತದೆ. ಬೆಟ್ಟಕ್ಕೆ ಹೋಗುವ ಮಾತು ಮನೆಯಲ್ಲಿ ಎತ್ತಿದಾಗ ಹೆಂಡತಿಯೋ ತಾಯಿಯೋ ಸುಮ್ಮನಾಗುವುದು ಯಾಕೆ ಎಂದು ನಮ್ಮ ಹುಡುಗರು ಯೋಚಿಸಬೇಕು.

ಸ್ಟೋಕ್ಸ್ 1946ರ ಮೇ 14ರಂದು ತೀರಿಕೊಂಡರು. ಸ್ವಾತಂತ್ರ್ಯ ನೋಡಲು ಒಂದು ವರ್ಷ ಮೂರು ತಿಂಗಳು ಬಾಕಿಯಿತ್ತು. ಸೊಸೆ ವಿದ್ಯಾ ಸ್ಟೋಕ್ಸ್ ಮುಂದೆ ಹಿಮಾಚಲದ ವಿಧಾನಸಭೆಯ ಅಧ್ಯಕ್ಷೆಯಾದರು, ಮಂತ್ರಿಯಾದರು.

ಇನ್ನು ಅವರು ನೆಟ್ಟದ್ದರ ಲೆಕ್ಕ. ಹಿಮಾಚಲದಲ್ಲಿ ಇವತ್ತು ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಸೇಬಿನ ತೋಟವಿದೆ. ಕೋಟ್‌ಗಢದ ಸುತ್ತಿನ ಹಳ್ಳಿಗಳು ಸೇಬಿನಿಂದಲೇ ಸಿರಿವಂತವಾದವು. ಆದರೆ ಒಂದೇ ಬೆಳೆಯ ಮೇಲೆ ನಿಂತ ಸಿರಿತನಕ್ಕೆ ಅದರದೇ ತಾಪತ್ರಯಗಳುಂಟು. 1990ರ ಜುಲೈ ತಿಂಗಳಲ್ಲಿ ಬೆಂಬಲ ಬೆಲೆಗಾಗಿ ಚಳವಳಿ ನಡೆಸುತ್ತಿದ್ದ ಬೆಳೆಗಾರರ ಮೇಲೆ ಅದೇ ಕೋಟ್‌ಗಢದಲ್ಲಿ ಗೋಲಿಬಾರಾಗಿ ಮೂವರು ಸತ್ತರು. ಮಂಡಿಯ ದಲ್ಲಾಳಿಗಳ ತಕರಾರು ಇನ್ನೂ ಮುಗಿದಿಲ್ಲ. ಪೆಟ್ಟಿಗೆಗೆ ಇಷ್ಟು ಎಂದು ಬೆಲೆ ಕಟ್ಟಿ, ಅದೇ ಪೆಟ್ಟಿಗೆಯಲ್ಲಿ ಮಿತಿಮೀರಿ ಹಣ್ಣು ತುಂಬಿಸುವ ಪದ್ಧತಿಯನ್ನು ತಡೆಯಲು 2024ರಲ್ಲಿ ಎಲ್ಲರಿಗೂ ಒಂದೇ ಅಳತೆಯ ಪೆಟ್ಟಿಗೆ ಕಡ್ಡಾಯವಾಯಿತು. ಮತ್ತೊಂದು ಮಾತು. ಆ ತೋಟಗಳಲ್ಲಿ ಈಗ ಹಣ್ಣಿನ ಹೊರೆ ಹೊರುವವರಲ್ಲಿ ಬಹಳ ಮಂದಿ ನೇಪಾಳದಿಂದ ಬಂದ ಕೂಲಿಗಳು. ಅವರಿಗೆ ಕೂಲಿ ಇದೆ, ಅದು ಬಿಟ್ಟಿಯಲ್ಲ. ಆದರೂ ಅವರೂ ಊರು ಬಿಟ್ಟು ಬೆಟ್ಟಕ್ಕೆ ಬಂದವರೇ. ಅವರ ಬಗ್ಗೆ ನಮ್ಮ ಪುರವಣಿಗಳಲ್ಲಿ ಲೇಖನ ಬರುವುದಿಲ್ಲ.

ಹವೆಯ ವಿಚಾರ ಹೇಳಿ ಮುಗಿಸುತ್ತೇನೆ. ರೆಡ್ ಡಿಲಿಶಿಯಸ್ ಜಾತಿಯ ಗಿಡಗಳಿಗೆ ಚಳಿಗಾಲದಲ್ಲಿ ಏಳು ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನ ಚಳಿ ಒಟ್ಟು ಸಾವಿರದಿಂದ ಸಾವಿರದ ಇನ್ನೂರು ಗಂಟೆ ಸಿಗಬೇಕು. ಇಲ್ಲವಾದರೆ ವಸಂತದಲ್ಲಿ ಹೂವು ಸರಿಯಾಗಿ ಬಿಡುವುದಿಲ್ಲ. ಕೆಳಗಿನ ಇಳಿಜಾರುಗಳಲ್ಲಿ ಹಿಮ ಕಡಿಮೆಯಾಗಿ, ಬೆಳೆಗಾರರು ದಾಳಿಂಬೆ, ತರಕಾರಿಗಳಿಗೆ ತಿರುಗಿದ್ದಾರೆ. ಸೇಬು ಕಿನ್ನೌರ್, ಲಾಹೌಲ್–ಸ್ಪಿತಿಗಳತ್ತ ಮೇಲೇರಿದೆ. ಕಡಿಮೆ ಚಳಿ ಸಾಕೆನ್ನುವ ತಳಿಗಳೂ ಬಂದಿವೆ, ಅಂಥವನ್ನು ನಮ್ಮ ಬಯಲುಸೀಮೆಯ ಕೆಲವು ರೈತರೂ ನೆಟ್ಟು ನೋಡಿದ್ದಾರೆ. ಕೋಟ್‌ಗಢದಂಥ ಕಡೆ ವಯಸ್ಸಾದ ಮರಗಳನ್ನು ತೆಗೆದು ಹೊಸ ತಳಿಯ ಗಿಡ್ಡ ಗಿಡಗಳನ್ನು ಒತ್ತೊತ್ತಾಗಿ ನೆಡುತ್ತಿದ್ದಾರೆ. ಅದರಲ್ಲೊಂದು ತೊಡಕಿದೆ. ಹಳೆಯ ಸೇಬಿನ ಮರ ಕಿತ್ತ ಗುಂಡಿಯಲ್ಲೇ ಹೊಸ ಸೇಬಿನ ಗಿಡ ಇಟ್ಟರೆ ಅದು ಸೊರಗುತ್ತದೆ. ಹಳೆಯ ಬೇರಿನ ರೋಗಗಳು ಮಣ್ಣಿನಲ್ಲಿ ಉಳಿದಿರುತ್ತವೆ. ಒಂದೆರಡು ವರ್ಷ ಆ ಜಾಗದಲ್ಲಿ ಬೇರೆ ಏನಾದರೂ ಬೆಳೆದು ಮಣ್ಣನ್ನು ಹದಕ್ಕೆ ತರಬೇಕಾಗುತ್ತದೆ.